ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಕೇಳಿದ ಸೌಟಿನ ಸದ್ದು

ಇಂಥ ಕಥೆಗಳನ್ನು ಹೇಳುವವರು ಸಿಕ್ಕರೆ ನಾನು ಎದ್ದು ಹೋಗುತ್ತಿದ್ದೆ. ಮದುವೆಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಾಗ ಯಾರಾದರೊಬ್ಬರು ಸ್ವರ ತಗ್ಗಿಸಿ "ಒಂದು ಸಲ ಎಂತ ಆಯ್ತು ಗೊತ್ತುಂಟಾ" ಎಂದು ಶುರು ಮಾಡಿದರೆ ಸಾಕು, ನನಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ನಾನು ಒಂದು ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇನ್‌ಸ್ಟ್ರಕ್ಟರ್ ಆಗಿದ್ದವನು. ಲ್ಯಾಬಿಗೆ ಬರುವ ಮಕ್ಕಳಿಗೆ ಮೊದಲ ದಿನವೇ ಹೇಳುತ್ತಿದ್ದೆ: ಕೆಟ್ಟುಹೋದ ಯಾವ ವಸ್ತುವಿನಲ್ಲೂ ದೋಷ ಇರುವುದು ಮೂರೇ ಜಾಗದಲ್ಲಿ. ಕರೆಂಟಿನಲ್ಲಿ, ವೈರಿನಲ್ಲಿ, ಇಲ್ಲದಿದ್ದರೆ ಅದನ್ನು ಕೈಯಲ್ಲಿ ಹಿಡಿದ ಮನುಷ್ಯನಲ್ಲಿ. ನಾಲ್ಕನೆಯ ಜಾಗ ಎಂಬುದಿಲ್ಲ. ಈಗ ಈ ಮಾತನ್ನು ಹೇಳುವಾಗ ನನ್ನ ದನಿ ಮೊದಲಿನಷ್ಟು ಗಟ್ಟಿಯಾಗಿಲ್ಲ. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಾನೇ ಪೂರ್ತಿ ನಂಬಿದ್ದೇನೋ ಇಲ್ಲವೋ, ನನಗೆ ತಿಳಿಯದು.

ಕಥೆಗೆ ಮುಂಚೆ ನನ್ನ ಅಣ್ಣನ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಉಡುಪಿಯ ಕಡೆ. ನನಗೆ ಒಂಬತ್ತು ವರ್ಷವಾಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವನಾದ ಅಣ್ಣ ಆಗಲೇ ಮದ್ರಾಸಿನಲ್ಲಿ, ಕ್ರೋಂಪೇಟೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡಿಗೆಗೆ ಇದ್ದ. ನನ್ನನ್ನು ಕರೆದುಕೊಂಡು ಬಂದು ತನ್ನ ಹೊಸ ಹೆಂಡತಿಯ ಎದುರು ನಿಲ್ಲಿಸಿ, "ಇವನೂ ನಮ್ಮ ಜೊತೆಗೇ" ಎಂದನಂತೆ. ಅತ್ತಿಗೆಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಅವರು ನನಗೊಂದು ತಟ್ಟೆ ಹಾಕಿ ಮೊಸರನ್ನ ಬಡಿಸಿದರು. ಆ ತಟ್ಟೆ ಇವತ್ತಿನವರೆಗೂ ಎದ್ದಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ನನ್ನ ಓದು, ಕೆಲಸ, ಮದುವೆ ಎಲ್ಲವೂ ಅವರಿಬ್ಬರಿಂದಲೇ ಆಯಿತು.

ಶಾಲೆ ಬಿಟ್ಟ ಮೇಲೆ ನಾನು ಹೋಟೆಲಿನ ಅಡಿಗೆಮನೆಯ ಮೂಲೆಯಲ್ಲಿ ಕುಳಿತು ಓದುತ್ತಿದ್ದೆ. ಅಲ್ಲಿ ಒಂದು ಕಟ್ಟುಪಾಡು ಇತ್ತು. ಅಡಿಗೆಮನೆಗೂ ಗಿರಾಕಿಗಳಿಗೂ ನಡುವೆ ಇದ್ದುದು ಒಂದು ಹಲಗೆಯ ತಡಿಕೆ ಮಾತ್ರ. ಹಾಗಾಗಿ ಒಳಗಿನಿಂದ ಯಾರೂ ಯಾರನ್ನೂ ಕೂಗಿ ಕರೆಯುವಂತಿರಲಿಲ್ಲ. ಏನು ಹೇಳಬೇಕಾದರೂ ಅಣ್ಣ ತನ್ನ ಉದ್ದನೆಯ ಹಿತ್ತಾಳೆ ಸೌಟಿನಿಂದ ಸಾಂಬಾರಿನ ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಿದ್ದ. ಒಂದು ಬಡಿದರೆ ಬಡಿಸುವವರು ಬರಬೇಕು. ಎರಡು ಬಡಿದರೆ ಅನ್ನ ಬಸಿಯಲು ಆಳು ಬೇಕು. ಎರಡು ಬಡಿದು, ಒಂದು ಉಸಿರಿನಷ್ಟು ಬಿಟ್ಟು ಮತ್ತೊಂದು ಬಡಿದರೆ ಅದರ ಅರ್ಥವೇ ಬೇರೆ. ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಓಡಿ ಬರಬೇಕು. ಏಕೆ ಎಂದು ಕೇಳಬಾರದು.

ಅದನ್ನು ನಾನು ಕೇಳಿದ್ದು ಒಂದೇ ಸಲ, ಆರನೆಯ ಕ್ಲಾಸಿನಲ್ಲಿದ್ದಾಗ. ಹಿಟ್ಟು ರುಬ್ಬುವವನ ಪಂಚೆ ಗ್ರೈಂಡರಿನ ಬೆಲ್ಟಿಗೆ ಸಿಕ್ಕಿಕೊಂಡಿತ್ತು. ಟಣ್ ಟಣ್, ಟಣ್ ಎಂದು ಕೇಳಿದ್ದೇ ತಡ, ದೋಸೆ ಹುಯ್ಯುವವನು ದೋಸೆ ಬಿಟ್ಟ, ಕಾಫಿ ಬೆರೆಸುವವನು ಲೋಟ ಬಿಟ್ಟ, ಗಲ್ಲಾದಲ್ಲಿದ್ದ ಧಣಿಗಳು ಗಲ್ಲಾ ಬಿಟ್ಟು ಬಂದರು. ಕೂತಿದ್ದ ನಾನೂ ಪುಸ್ತಕ ಬಿಟ್ಟು ಎದ್ದಿದ್ದೆ. ಯಾರೋ ಸ್ವಿಚ್ಚು ಆರಿಸಿದರು, ಇನ್ಯಾರೋ ಪಂಚೆ ಹರಿದು ಎಳೆದರು. ಅವನು ಬದುಕಿಕೊಂಡ. ಅಂದು ರಾತ್ರಿ ಅಣ್ಣ ನನಗೆ ಹೇಳಿದ ಮಾತು ನೆನಪಿದೆ. "ನೀನೂ ಎದ್ದು ಬಂದಿದ್ದಿ, ನೋಡಿದೆ. ಹಾಗೇ ಬರ್ಬೇಕು. ಇದನ್ನು ಎರಡನೇ ಸಲ ಬಡಿಯುವ ಹಾಗೆ ಆಗ್ಬಾರ್ದು."

ಅಣ್ಣ ಕೆಲಸ ಬಿಟ್ಟಾಗ ಧಣಿಗಳು ಆ ಸೌಟನ್ನು ಅವನಿಗೇ ಕೊಟ್ಟು ಕಳಿಸಿದರು. ಹಸ್ತಿನಾಪುರಂ ಕಡೆ ಇರುವ ನಮ್ಮ ಮನೆಯ ಅಡಿಗೆಮನೆಯಲ್ಲಿ, ಕಿಟಕಿಯ ಪಕ್ಕದ ಮೊಳೆಗೆ ಅದು ನೇತುಬಿದ್ದಿದೆ. ಅಷ್ಟು ದೊಡ್ಡ ಸೌಟಿಗೆ ತಕ್ಕ ಪಾತ್ರೆ ನಮ್ಮ ಮನೆಯಲ್ಲಿಲ್ಲ, ಹಾಗಾಗಿ ಯಾರೂ ಅದನ್ನು ಬಳಸುವುದಿಲ್ಲ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿ ಮತ್ತೆ ಅಲ್ಲೇ ತೂಗುಹಾಕುತ್ತಾರೆ.

ಈಗ ಕ್ಯಾಮೆರಾದ ವಿಷಯ. ಅತ್ತಿಗೆಗೆ ಎಪ್ಪತ್ತು ದಾಟಿದೆ, ಬಹಳ ವರ್ಷಗಳ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸಂಜೆ ಇನ್ಸುಲಿನ್. ಮೂರು ವರ್ಷದ ಹಿಂದೆ ಒಂದು ದಿನ ಮನೆಯ ಹಾಲ್‌ನಲ್ಲೇ ತಲೆ ತಿರುಗಿ ಕುಸಿದು ಕುಳಿತರು. ಅವತ್ತು ನಾವು ಮನೆಯಲ್ಲಿದ್ದೆವು. ಆದರೆ ದಿನಾ ಹಾಗಿರುವುದಿಲ್ಲ. ನನ್ನ ಹೆಂಡತಿ ವಸಂತಿ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ನಾನು ನಿವೃತ್ತನಾದರೂ ಬೆಳಿಗ್ಗೆ ಎರಡು ಗಂಟೆ ಐಟಿಐ ಒಂದರಲ್ಲಿ ಪಾಠ ಮಾಡಿ ಬರುತ್ತೇನೆ. ಮಹಡಿಯ ಮೇಲಿನ ಗಂಡಹೆಂಡತಿ ಶೋಳಿಂಗನಲ್ಲೂರಿನ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಆ ಎರಡು ಮೂರು ಗಂಟೆ ಅತ್ತಿಗೆ ಒಬ್ಬರೇ. ಅದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚೀ ಸ್ಟ್ರೀಟಿಗೆ ಹೋಗಿ ಒಂದು ಕ್ಯಾಮೆರಾ ತಂದೆ. ಹಾಕಿಕೊಡಲು ಆಳು ಕಳಿಸುತ್ತೇವೆ ಎಂದ ಅಂಗಡಿಯವರಿಗೆ, ನಾನು ಯಾರು ಗೊತ್ತೇ ಎಂಬ ಮುಖ ಮಾಡಿ ಬೇಡ ಎಂದೆ. ಆ ಮುಖದ ಬೆಲೆಯನ್ನು ಮುಂದಿನ ಹತ್ತು ದಿನ ತೆತ್ತೆ.

ಮೊದಲ ಸಂಜೆ ಅದು ನಮ್ಮ ವೈಫೈಯನ್ನು ಗುರುತಿಸಲೇ ಇಲ್ಲ. ಫೋನಿನಲ್ಲಿ ಬಂದ ಚೌಕಗಳ ಚಿತ್ರವನ್ನು ಕ್ಯಾಮೆರಾದ ಮುಂದೆ ಹಿಡಿಯಬೇಕು, ಅದು ಓದಿಕೊಂಡು ಬೀಪ್ ಎನ್ನಬೇಕು. ಹತ್ತಿರ ಹಿಡಿದೆ, ದೂರ ಹಿಡಿದೆ, ಓರೆ ಹಿಡಿದೆ. ಕೆಂಪು ದೀಪ ಮಿಟುಕುತ್ತಲೇ ಇತ್ತು. ಕೊನೆಗೆ ನಮ್ಮ ರೂಟರಿನಲ್ಲಿ ಎರಡು ಬಗೆಯ ಸಿಗ್ನಲ್ ಇದೆಯೆಂದೂ ಕ್ಯಾಮೆರಾಕ್ಕೆ ಅದರಲ್ಲಿ ನಿಧಾನದ್ದೇ ಆಗಬೇಕೆಂದೂ ಗೊತ್ತಾಗುವಷ್ಟರಲ್ಲಿ ವಸಂತಿ ಮೂರು ಸಲ ಊಟಕ್ಕೆ ಕರೆದಿದ್ದಳು. ಹಾಲಿನ ಷೋಕೇಸಿನ ಮೇಲೆ, ಬಾಗಿಲು ಮತ್ತು ಹಾಲ್ ಪೂರ್ತಿ ಕಾಣುವಂತೆ ಅದನ್ನು ಇಟ್ಟೆ. ಚಿತ್ರ ಬಂತು. ಗೆದ್ದೆ ಅಂದುಕೊಂಡೆ.

ಮರುದಿನದಿಂದ ಹೊಸ ತೊಂದರೆ. ಐಟಿಐಯಲ್ಲಿ ಕುಳಿತು ನೋಡಿದರೆ ದಿನಾ ಹನ್ನೊಂದು ಗಂಟೆಯ ಹೊತ್ತಿಗೆ ಚಿತ್ರ ಕಪ್ಪಾಗುತ್ತಿತ್ತು. ಕಾಲು ಗಂಟೆ ಕಪ್ಪು, ಆಮೇಲೆ ತಾನಾಗಿಯೇ ಸರಿ. ಅಡಾಪ್ಟರ್ ಬದಲಿಸಿದೆ. ರೂಟರಿನ ಜಾಗ ಬದಲಿಸಿದೆ. ಕಂಪನಿಗೆ ಫೋನ್ ಮಾಡಿದೆ. ಫೋನೆತ್ತಿದಾಕೆ ಬಹಳ ಮರ್ಯಾದೆಯಿಂದ "ಒಂದು ಸಲ ಆರಿಸಿ ಹಾಕಿ ಸಾರ್" ಎಂದಳು. ಮೂವತ್ತು ವರ್ಷ ನಾನು ಬೇರೆಯವರಿಗೆ ಹೇಳಿದ ಮಾತು ಅದು. ನಾಲ್ಕನೆಯ ದಿನ ಪಾಠ ಬೇಗ ಮುಗಿದು ಹನ್ನೊಂದಕ್ಕೇ ಮನೆಗೆ ಬಂದೆ. ನೋಡಿದರೆ ಕ್ಯಾಮೆರಾದ ತಲೆಯ ಮೇಲೆ ಅಣ್ಣನ ಮೈ ಒರೆಸುವ ಹಳೆಯ ಬೈರಾಸು ಹೊದಿಸಿತ್ತು. ಸ್ನಾನ ಮಾಡಿ ಬಂದವರು ತಲೆ ಒರೆಸಿಕೊಳ್ಳಲು ನಿಂತ ಹಾಗಿತ್ತು ಅದು.

"ಇದೆಂತ ಅತ್ತಿಗೆ?"

"ಅದರ ಕಣ್ಣು ಅಡಿಗೆಮನೆ ಬಾಗ್ಲಿಗೇ ಉಂಟಲ್ಲ ತಮ್ಮ. ನೈವೇದ್ಯ ಆಗುವ ಮುಂಚೆ ಅನ್ನದ ಮೇಲೆ ಕಂಡಕಂಡವರ ಕಣ್ಣು ಬೀಳ್ಬಾರ್ದು."

"ಅದು ಕಣ್ಣಲ್ಲ ಅತ್ತಿಗೆ, ಬರೀ ಗಾಜು."

"ಗಾಜಾದ್ರೆ ನೀನು ಅಲ್ಲಿ ಕ್ಲಾಸಲ್ಲಿ ಕೂತು ನನ್ನನ್ನ ನೋಡುದು ಹೇಗೆ?"

ಹನ್ನೊಂದರಿಂದ ಕಾಲು ಗಂಟೆ ಬೈರಾಸು ಹಾಕಬಹುದು, ಆಮೇಲೆ ಮರೆಯದೆ ತೆಗೆಯಬೇಕು ಎಂದು ಒಪ್ಪಂದವಾಯಿತು. ಅಂದಿನಿಂದ ಹನ್ನೊಂದು ಗಂಟೆಯ ಕಪ್ಪು ಕಂಡರೆ ಮನೆಯಲ್ಲಿ ಪೂಜೆ ನಡೆಯುತ್ತಿದೆ, ಎಲ್ಲ ಸರಿಯಾಗಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಉಳಿದದ್ದು ಧ್ವನಿ. ಫೋನಿನ ಆಪ್‌ನಲ್ಲಿ ಸ್ಪೀಕರಿನ ಗುರುತು ಇತ್ತು. ಒತ್ತಿದರೆ ಮನೆಯ ಸದ್ದು ಕೇಳಬೇಕು. ಕೇಳುತ್ತಿರಲಿಲ್ಲ. ಕ್ಯಾಮೆರಾದ ಲೆನ್ಸಿನ ಕೆಳಗೆ ಸೂಜಿಮೊನೆಯಷ್ಟು ತೂತು ಇದೆ, ಅದೇ ಮೈಕು ಎಂದುಕೊಂಡು ಅದನ್ನು ಬ್ರಷ್ಷಿನಿಂದ ಉಜ್ಜಿದೆ, ಊದಿದೆ, ಅದರ ಎದುರು ನಿಂತು ಹಲೋ ಹಲೋ ಎಂದು ಕೂಗಿದೆ. "ಗೋಡೆ ಹತ್ರ ಎಂತ ಮಾತಾಡ್ತಿ ಮಾರಾಯ, ನಾನು ಇಲ್ಲಿ ಉಂಟಲ್ಲ, ನನ್ನ ಹತ್ರ ಮಾತಾಡು" ಎಂದು ಅತ್ತಿಗೆ ನಕ್ಕರು. ಆರು ದಿನ ಗುದ್ದಾಡಿದೆ. ಸಣ್ಣ ವಿಷಯವೇ, ಆದರೆ ಸೋಲೊಪ್ಪಲು ಮನಸ್ಸಿಲ್ಲ. ಕೊನೆಗೆ ಅಂಗಡಿಗೇ ಹೋಗಿ ಜಗಳ ಮಾಡಿ ಬರುತ್ತೇನೆ ಎಂದು ತೀರ್ಮಾನಿಸಿದೆ.

ಅದು ಆಷಾಢದ ಒಂದು ಬುಧವಾರ. ವಸಂತಿ ಊರಲ್ಲಿರಲಿಲ್ಲ. ಅವಳ ತಂಗಿಗೆ ಮೊಣಕಾಲಿನ ಆಪರೇಷನ್ ಎಂದು ಉಡುಪಿಗೆ ಹೋಗಿ ಎರಡು ದಿನವಾಗಿತ್ತು. ಐಟಿಐಗೆ ರಜೆ. ಬೆಳಿಗ್ಗೆ ಅಣ್ಣನ ಹಳೆಯ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ನಾನು ತಿಂದೆ, ಅತ್ತಿಗೆಯ ಪಾಲು ಮುಚ್ಚಿಟ್ಟೆ. "ಸೂಜಿ ಆಯ್ತಾ ಅತ್ತಿಗೆ?" ಎಂದರೆ "ಆಯ್ತು" ಎಂದರು. "ತಿನ್ನುದಿಲ್ವಾ?" ಎಂದರೆ "ಜಪ ಮುಗಿಸಿ ನೋಡ್ತೇನೆ, ನೀನು ಹೊರಡು, ಬಿಸಿಲು ಏರ್ತದೆ" ಎಂದರು. ಕ್ಯಾಮೆರಾವನ್ನೂ ಕಳಚಿ ಒಯ್ಯಬೇಕೆಂದಿದ್ದೆ. ಅವರು ಒಬ್ಬರೇ ಇರುವಾಗ ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಜಗಳಕ್ಕೆ ಬಿಲ್ಲು ಮತ್ತು ಡಬ್ಬಿ ಸಾಕು ಎಂದು ಅವನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೊರಟೆ.

ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಬೀಚ್ ಸ್ಟೇಷನ್ ಕಡೆ ಹೋಗುವ ರೈಲಿನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕುಳಿತಾಗ ಹನ್ನೊಂದು ದಾಟಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಅಭ್ಯಾಸದಂತೆ ಫೋನು ತೆಗೆದು ನೋಡಿದೆ. ಪರದೆ ಕಪ್ಪು. ಬೈರಾಸು ಬಿದ್ದಿದೆ, ನೈವೇದ್ಯದ ಹೊತ್ತು ಎಂದುಕೊಂಡೆ. ಆ ಸ್ಪೀಕರಿನ ಗುರುತನ್ನೂ ಒಮ್ಮೆ ಒತ್ತಿದೆ. ಆರು ದಿನದಿಂದ ದಿನಕ್ಕೆ ನಲವತ್ತು ಸಲ ಒತ್ತಿದ ಬೆರಳು ಅದು, ತಾನಾಗಿಯೇ ಒತ್ತಿತು.

ಟಣ್ ಟಣ್. ಟಣ್.

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. "ಬಂತು!" ಎಂದು ಗಟ್ಟಿಯಾಗಿಯೇ ಹೇಳಿದೆ. ಧ್ವನಿ ಬಂತು, ರಿಪೇರಿಯಾಯಿತು, ಬ್ರಷ್ಷು ಹಾಕಿ ಉಜ್ಜಿದ್ದು ಸಾರ್ಥಕವಾಯಿತು, ಇನ್ನು ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ ಎಂದೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡಿತು. ಸದ್ದು ಯಾವುದು ಎಂದು ಯೋಚಿಸಲೇ ಇಲ್ಲ. ಮೀಟರು ಸರಿಯಾಗಿ ತೋರಿಸಿತೆಂದು ಹಿಗ್ಗಿ, ಅದು ಏನು ತೋರಿಸಿತು ಎಂದು ಬರೆದುಕೊಳ್ಳಲು ಮರೆಯುವ ಮಕ್ಕಳನ್ನು ಲ್ಯಾಬಿನಲ್ಲಿ ಎಷ್ಟು ಬೈದಿದ್ದೇನೋ, ಅದೇ ಕೆಲಸವನ್ನು ಅವತ್ತು ನಾನು ಮಾಡಿದೆ.

ಅಷ್ಟರಲ್ಲಿ ರೈಲು ಬಂತು. ಎದ್ದೆ. ಮತ್ತೆ ಟಣ್ ಟಣ್, ಟಣ್. ಈ ಸಲ ಸದ್ದನ್ನು ಸರಿಯಾಗಿ ಕೇಳಿಸಿಕೊಂಡೆ. ಅದು ಮನೆಯ ಪಾತ್ರೆಯ ಸದ್ದಲ್ಲ. ನಮ್ಮ ಮನೆಯ ಸ್ಟೀಲ್ ಪಾತ್ರೆಗಳು ಕೀಚಲಾಗಿ ಕೂಗುತ್ತವೆ. ಇದು ಅಗಲ ಬಾಯಿಯ, ಮುಕ್ಕಾಲು ತುಂಬಿದ ದೊಡ್ಡ ಕೊಪ್ಪರಿಗೆಯ ತುಂಬು ಸದ್ದು. ಅದನ್ನು ಕೇಳಿ ನಲವತ್ತು ವರ್ಷದ ಮೇಲಾಗಿತ್ತು. ಆದರೂ ಕಾಲುಗಳು ರೈಲಿನ ಕಡೆಗೇ ನಡೆದವು, ಒಂದು ಕಾಲನ್ನು ಬೋಗಿಯೊಳಗೆ ಇಟ್ಟೂ ಆಗಿತ್ತು. ನನ್ನ ಹಿಂದೆಯೇ ಬುಟ್ಟಿ ಎತ್ತಿಕೊಂಡು ಬಂದ ಸೀಬೆಹಣ್ಣಿನವಳು "ಎನ್ನ ಸಾರ್, ಉಂಗ ಫೋನ್‌ಲ ಯಾರೋ ಪಾತ್ರಂ ತಟ್ಟ್ರಾಂಗ" ಎಂದಳು. ನಿಮ್ಮ ಫೋನಿನಲ್ಲಿ ಯಾರೋ ಪಾತ್ರೆ ಬಡಿಯುತ್ತಿದ್ದಾರೆ ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಮೂರನೆಯ ಸಲ ಕೇಳಿತು.

ಇಟ್ಟ ಕಾಲನ್ನು ತೆಗೆದೆ. ಧೈರ್ಯವೋ ನಂಬಿಕೆಯೋ ಅಲ್ಲ ಅದು. ಆರನೆಯ ಕ್ಲಾಸಿನಲ್ಲಿ ಕಲಿತ ಅಭ್ಯಾಸ. ಆ ಸದ್ದು ಕೇಳಿದರೆ ಏಕೆ ಎಂದು ಕೇಳದೆ ಓಡಬೇಕು. ಅರವತ್ತು ದಾಟಿದ ನಾನು ಮೆಟ್ಟಿಲು ಹತ್ತಿ ಇಳಿದು ರಸ್ತೆಗೆ ಬಂದದ್ದು ಹೇಗೆಂದು ನನಗೇ ನೆನಪಿಲ್ಲ. ಅತ್ತಿಗೆಯ ಫೋನಿಗೆ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಸಿಕ್ಕಿದ ಆಟೋ ಹತ್ತಿದೆ. "ಎನ್ನ ಸಾರ್, ಟ್ರೈನ್ ಮಿಸ್ಸಾ?" ಎಂದು ಡ್ರೈವರ್ ನಕ್ಕ. ನನ್ನ ಮುಖ ನೋಡಿ ಹಾರ್ನ್ ಬಾರಿಸುತ್ತ ಓಡಿಸಿದ. ಫೋನು ಕಿವಿಗೇ ಇತ್ತು. ಆಮೇಲೆ ಅದರಿಂದ ಯಾವ ಸದ್ದೂ ಬರಲಿಲ್ಲ.

ನನ್ನ ಬಳಿ ಇದ್ದ ಕೀಲಿಯಿಂದ ಬಾಗಿಲು ತೆರೆದೆ. ಷೋಕೇಸಿನ ಮೇಲೆ ಬೈರಾಸು ಹೊದ್ದ ಕ್ಯಾಮೆರಾ. ಅತ್ತಿಗೆ ಅಡಿಗೆಮನೆಯ ನೆಲದ ಮೇಲೆ ಪಕ್ಕಕ್ಕೆ ವಾಲಿ ಬಿದ್ದಿದ್ದರು. ಸೀರೆಯೆಲ್ಲ ಬೆವರಿನಿಂದ ಒದ್ದೆ, ಮೈ ತಣ್ಣಗೆ, ಕರೆದರೆ ಓಗೊಡುತ್ತಿಲ್ಲ. ಉಸಿರಿತ್ತು. ಸಕ್ಕರೆ ಇಳಿದಿದೆ ಎಂದು ಗೊತ್ತಾಯಿತು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹುಯ್ಯಬಾರದು ಎಂದು ಹಿಂದಿನ ಸಲ ಡಾಕ್ಟರು ಹೇಳಿದ್ದು ನೆನಪಿತ್ತು. ಅವರನ್ನು ಮಗ್ಗುಲಾಗಿ ಮಲಗಿಸಿ, ಬೆರಳಿಗೆ ಜೇನುತುಪ್ಪ ಸವರಿಕೊಂಡು ಅವರ ಕೆನ್ನೆಯ ಒಳಗೆ ಸ್ವಲ್ಪ ಸ್ವಲ್ಪವೇ ತಿಕ್ಕಿದೆ. ನನಗೆ ಮೊದಲ ತುತ್ತು ಇಟ್ಟ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅತ್ತಿಗೆ ಅತ್ತಿಗೆ ಎಂದು ಕರೆಯುತ್ತ ಅಳುತ್ತಿದ್ದೆ. ಆಟೋದವನು ಹೋಗಿರಲಿಲ್ಲ. ಬಾಗಿಲಲ್ಲಿ ಇಣುಕಿ ನೋಡಿ ಒಳಗೆ ಬಂದು, "ತೂಕ್ಕುಂಗ ಸಾರ್", ಎತ್ತಿ ಎಂದು ಅವರ ಕಾಲ ಕಡೆ ಹಿಡಿದ. ಇಬ್ಬರೂ ಎತ್ತಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದೆವು.

ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆ ಅತ್ತಿಗೆ ಕಣ್ಣು ಬಿಟ್ಟರು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಹೊರಗೆ ಬಂದು, ಇನ್ನು ಸ್ವಲ್ಪ ತಡವಾಗಿದ್ದರೆ ತನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. "ಎಪ್ಪಡಿ ಸಾರ್ ತೆರಿಂಜದು?" ನಿಮಗೆ ಹೇಗೆ ಗೊತ್ತಾಯಿತು ಎಂಬ ಸರಳವಾದ ಪ್ರಶ್ನೆ. "ಸುಮ್ಮಾ ವಂದೇನ್" ಎಂದೆ. ಸುಮ್ಮನೆ ಬಂದೆ.

ಆಗಲೇ ವಸಂತಿಯ ಫೋನು ಬಂತು. ಅವಳಿಗೆ ಇದೊಂದೂ ಗೊತ್ತಿಲ್ಲ. "ನಿಮ್ಗೆ ಹೇಳ್ಲಿಕ್ಕೆ ಮರ್ತೇಹೋಯ್ತು. ಇವತ್ತು ಪ್ರಥಮ ಏಕಾದಶಿ. ಅಕ್ಕನಿಗೆ ಅವಲಕ್ಕಿ ಕೊಟ್ರಾ?"

ಅತ್ತಿಗೆಯನ್ನು ಅಕ್ಕ ಎನ್ನುವ ಅವಳೇ ನಮ್ಮ ಮನೆಯಲ್ಲಿ ಪಂಚಾಂಗ ನೋಡುವವಳು. ಅತ್ತಿಗೆ ಐವತ್ತು ವರ್ಷ ಏಕಾದಶಿಗೆ ಒಂದು ಹನಿ ನೀರೂ ಕುಡಿಯದೆ ಇದ್ದವರು. ಕಾಯಿಲೆ ಜೋರಾದ ಮೇಲೆ ಡಾಕ್ಟರು ಬಯ್ದು, ಮಠದ ಹಿರಿಯರೂ ಬೇಡ ಎಂದು, ಅರೆಮನಸ್ಸಿನಿಂದ ಅವಲಕ್ಕಿ, ಹಣ್ಣು ತಿನ್ನಲು ಒಪ್ಪಿದ್ದರು. ವಸಂತಿ ಎದುರು ನಿಂತು ತಿನ್ನಿಸದೆ ಶಾಲೆಗೆ ಹೋಗುತ್ತಿರಲಿಲ್ಲ. ಆ ಸಲ ಅವಳಿಲ್ಲ. ನನಗೆ ತಿಥಿ ವಾರದ ಗೋಜಿಲ್ಲ. ಹೋಗಿ ಹೋಗಿ ಏಕಾದಶಿಯ ದಿನ ಇಡ್ಲಿ ತಂದಿಟ್ಟ ಮೂಢ ನಾನು. ಅತ್ತಿಗೆ ಸೂಜಿ ತಪ್ಪಿಸಲಿಲ್ಲ, ಉಪವಾಸವನ್ನೂ ತಪ್ಪಿಸಲಿಲ್ಲ. ಡಾಕ್ಟರ ಮಾತನ್ನೂ ದೇವರ ಮಾತನ್ನೂ ಒಟ್ಟಿಗೆ ನಡೆಸಿದರು. ಖಾಲಿ ಹೊಟ್ಟೆಗೆ ಬಿದ್ದ ಇನ್ಸುಲಿನ್ ಸಕ್ಕರೆಯನ್ನು ಇಳಿಸಿಬಿಟ್ಟಿತು. ನೈವೇದ್ಯವೇ ಇಲ್ಲದ ದಿನ ಬೈರಾಸು ಹಾಕಿದ್ದೇಕೆ ಎಂದರೆ, ತಾನು ತಿನ್ನದೆ ಕುಳಿತದ್ದು ನನಗೆ ಕಾಣಬಾರದು ಎಂದು. ಹನ್ನೊಂದು ಗಂಟೆಯ ಆ ಕಪ್ಪನ್ನು ಕಂಡು ನಾನು ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆ.

ಸಂಜೆ ಬಟ್ಟೆ ತರಲು ಮನೆಗೆ ಬಂದಾಗ ಅಡಿಗೆಮನೆಯನ್ನು ಸಾವಧಾನವಾಗಿ ನೋಡಿದೆ. ಏಕಾದಶಿಯ ದಿನ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ಹಿಂದಿನ ರಾತ್ರಿಯೇ ಎಲ್ಲವನ್ನೂ ತೊಳೆದು ಕವುಚಿ ಇಡುತ್ತಾರೆ. ಒಲೆ ಒಣಗಿತ್ತು, ಪಾತ್ರೆಗಳೆಲ್ಲ ಕಪಾಟಿನಲ್ಲಿದ್ದವು, ಇಡ್ಲಿ ಮುಚ್ಚಿಟ್ಟಲ್ಲೇ ಇತ್ತು. ಅಣ್ಣನ ಸೌಟು ಕಿಟಕಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅತ್ತಿಗೆ ಬಿದ್ದ ಜಾಗದಿಂದ ಯಾರೂ ಅದನ್ನು ಮುಟ್ಟಲು ಸಾಧ್ಯವಿರಲಿಲ್ಲ.

ಅತ್ತಿಗೆ ಮನೆಗೆ ಬಂದ ಮೇಲೆ ನಾನು ಲ್ಯಾಬಿನವನಾದೆ. ದೋಷ ಎಲ್ಲಿದೆ ಹುಡುಕಲೇಬೇಕಲ್ಲ. ಮಹಡಿಯವರು ಅಂದು ಆಫೀಸಿನಲ್ಲಿದ್ದರು. ಪಕ್ಕದ ಮನೆಗಳಲ್ಲಿ ಅಷ್ಟು ದೊಡ್ಡ ಪಾತ್ರೆ ಯಾರಲ್ಲೂ ಇಲ್ಲ. ಸ್ಟೇಷನ್ನಿನ ಹತ್ತಿರ ಹೋಟೆಲು ಇರಬಹುದೆಂದು ಅದೇ ಹೊತ್ತಿಗೆ ಮೂರು ದಿನ ಅದೇ ಬೆಂಚಿನ ಮೇಲೆ ಕುಳಿತೆ. ಟೀ ಮಾರುವವನ ಲೋಟದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನನ್ನ ತಲೆಯೇ ಕೆಟ್ಟಿತ್ತು ಎನ್ನೋಣವೆಂದರೆ, ಮೂರನೆಯ ದಿನ ಸೀಬೆಹಣ್ಣಿನವಳು ಸಿಕ್ಕಳು. ನಾನು ಕೇಳುವ ಮೊದಲೇ, ಅವತ್ತು ಫೋನಿನಲ್ಲಿ ಪಾತ್ರೆ ಬಡಿಯುತ್ತಿದ್ದವರು ಯಾರು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದಳು. ಕ್ಷೇಮ ಎಂದು ಹೇಳಿ ಅವಳ ಬುಟ್ಟಿಯಲ್ಲಿದ್ದಷ್ಟು ಸೀಬೆಹಣ್ಣನ್ನೂ ಕೊಂಡು ತಂದೆ. ಆಟೋದವನ ಮನೆಗೂ ಅರ್ಧ ಹಂಚಿದೆ.

ಉಳಿದದ್ದು ಕ್ಯಾಮೆರಾ. ಒಂದು ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಅದರ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಒಂದು ಬೋರ್ಡು, ಲೆನ್ಸು, ದೀಪದ ಬಿಲ್ಲೆಗಳು. ಲೆನ್ಸಿನ ಕೆಳಗಿನ ಆ ತೂತಿನ ಹಿಂದೆ ಇದ್ದುದು ಮೈಕಲ್ಲ, ಬೆಳಕು ಕತ್ತಲೆ ಅಳೆಯುವ ಸಣ್ಣ ಬಿಲ್ಲೆ. ಬೋರ್ಡನ್ನು ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ನೋಡಿದೆ. ಮೈಕು ಎಲ್ಲೂ ಇರಲಿಲ್ಲ. ಮುರಿದಿರಲಿಲ್ಲ, ಕಳಚಿರಲಿಲ್ಲ, ಇರಲೇ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ಅದೇ ಮರ್ಯಾದೆಯ ದನಿ, "ಸಾರ್, ನಿಮ್ಮ ಮಾಡೆಲಿನಲ್ಲಿ ಆಡಿಯೋ ಬರುವುದೇ ಇಲ್ಲ. ಆಪ್ ಎಲ್ಲ ಮಾಡೆಲಿಗೂ ಒಂದೇ, ಅದಕ್ಕೇ ಆ ಗುರುತು ಕಾಣುತ್ತದೆ" ಎಂದಿತು. ಆರು ದಿನ ನಾನು ಇಲ್ಲದ ಕಿವಿಯನ್ನು ರಿಪೇರಿ ಮಾಡುತ್ತಿದ್ದೆ. ಬೇರೆ ಸಮಯದಲ್ಲಾಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ. ಅವತ್ತು ಬಿಚ್ಚಿದ ಬೋರ್ಡನ್ನು ತಿರುಗಿಸಿ ಮತ್ತೊಮ್ಮೆ ಭೂತಗನ್ನಡಿ ಹಿಡಿದೆ.

ಅತ್ತಿಗೆಗೆ ಇದನ್ನು ಹೇಳಲೋ ಬೇಡವೋ ಎಂದು ಹಲವು ದಿನ ಯೋಚಿಸಿ, ಕೊನೆಗೆ ಮುಂದಿನ ಏಕಾದಶಿಯ ದಿನ, ಅವರು ಅವಲಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದಾಗ ಹೇಳಿದೆ. ಅವರು ಬೆಚ್ಚಲಿಲ್ಲ, ಅಳಲಿಲ್ಲ. ಸೌಟಿನ ಕಡೆ ಒಮ್ಮೆ ನೋಡಿದರು.

"ಎಷ್ಟು ಸಲ ಬಡಿದ್ರು?"

"ಮೂರು ಸಲ, ಅತ್ತಿಗೆ."

"ಮೂರು ಸಲ ಬಡಿಬೇಕಾಯ್ತಾ ಅವರಿಗೆ? ಒಂದೇ ಸಲಕ್ಕೆ ಓಡಿ ಬರ್ಲಿಕ್ಕೆ ನಿಂಗೆಂತ ಆಗಿತ್ತು?" ಎಂದು ಗದರಿ, ಅವಲಕ್ಕಿಗೆ ಇನ್ನಷ್ಟು ಮೊಸರು ಹಾಕಿಕೊಂಡು ತಿಂದರು. ಅಂದಿನಿಂದ ಇಂದಿನವರೆಗೆ ಅವರು ಒಂದು ಏಕಾದಶಿಯಲ್ಲೂ ತಿನ್ನದೆ ಉಳಿದಿಲ್ಲ. ಯಾರೂ ಎದುರು ನಿಲ್ಲಬೇಕಾಗಿಲ್ಲ. "ಅವರಿಗೆ ಮತ್ತೆ ತೊಂದ್ರೆ ಕೊಡುದು ಬೇಡ" ಎನ್ನುತ್ತಾರೆ.

ನನಗೆ ಅವರಷ್ಟು ಸುಲಭವಾಗಿ ಹಾಗೆನ್ನಲು ಬರುವುದಿಲ್ಲ. ಅದು ಅಣ್ಣನೇ ಎಂದು ಹೇಳಲು ನನ್ನ ಬಳಿ ಸಾಕ್ಷಿಯಿಲ್ಲ, ಅಲ್ಲ ಎನ್ನಲೂ ಇಲ್ಲ. ಕರೆಂಟು, ವೈರು, ಮನುಷ್ಯ, ಮೂರನ್ನೂ ಹುಡುಕಿ ಮುಗಿಸಿದ್ದೇನೆ. ಒಂದು ಮಾತ್ರ ಗೊತ್ತು. ಅವತ್ತಿನ ಆ ಸದ್ದು ಯಾರದೇ ಆಗಿರಲಿ, ನನ್ನ ಅತ್ತಿಗೆ ಇವತ್ತು ಬೆಳಿಗ್ಗೆಯೂ ನನಗೆ ಕಾಫಿ ಕೊಟ್ಟು, ಸಕ್ಕರೆ ಕಡಿಮೆಯಾಯಿತಾ ಎಂದು ಕೇಳಿದರು. ಆ ಋಣಕ್ಕೆ ಯಾರ ಹೆಸರು ಬರೆಯಬೇಕೆಂದು ತಿಳಿಯದೆ, ನಾನು ಬಲ್ಲವರೆಲ್ಲರಿಗೂ ಕೃತಜ್ಞನಾಗಿದ್ದೇನೆ.

ಕ್ಯಾಮೆರಾವನ್ನು ಬದಲಿಸಲಿಲ್ಲ. ಸ್ಕ್ರೂ ಹಾಕಿ ಅದೇ ಷೋಕೇಸಿನ ಮೇಲೆ ಇಟ್ಟಿದ್ದೇನೆ. ಬೈರಾಸೂ ಅದರ ಪಕ್ಕದಲ್ಲೇ 'ಡ್ಯೂಟಿ'ಯಲ್ಲಿದೆ. ಐಟಿಐಗೆ ಹೋದಾಗ ದಿನಾ ಹನ್ನೊಂದು ಗಂಟೆಗೆ ಫೋನು ತೆಗೆದು, ಕಿವಿಯಿಲ್ಲದ ಆ ಕ್ಯಾಮೆರಾದ ಸ್ಪೀಕರಿನ ಗುರುತನ್ನು ಒಮ್ಮೆ ಒತ್ತಿ ಕಿವಿಗೆ ಹಿಡಿಯುತ್ತೇನೆ. ಏನೂ ಕೇಳಿಸುವುದಿಲ್ಲ. ಅಂದರೆ ಮನೆಯಲ್ಲಿ ಎಲ್ಲ ಕ್ಷೇಮ. ಆಗಲಿ ಅಣ್ಣ ಎಂದು ಮನಸ್ಸಿನಲ್ಲೇ ಹೇಳಿ, ಪಾಠಕ್ಕೆ ಹೋಗುತ್ತೇನೆ.